ಹೊಳೆಯುವ ತಗಡಿಗೆ ಒಂದು ಕೆಂಪು ಬೊಟ್ಟು

ವೈನಿಯ ಬಲಗೈ ಕಿರುಬೆರಳಿನ ಬೆನ್ನ ಮೇಲೆ, ನಡುಗೆಣ್ಣಿನ ಹತ್ತಿರ, ಅಕ್ಕಿಕಾಳಿನಷ್ಟು ಉದ್ದದ ಒಂದು ನುಣುಪು ಕಲೆ ಇತ್ತು. ಸುತ್ತಲಿನ ಚರ್ಮ ಕಪ್ಪು, ಆ ಕಲೆ ಮಾತ್ರ ತಿಳಿಗುಲಾಬಿ. ಕಿಟಕಿಯ ಬೆಳಕಿಗೆ ಕೈ ತಿರುಗಿಸಿದಾಗ ಮೀನಿನ ಹೊಟ್ಟೆಯ ಹಾಗೆ ಮಿನುಗುತ್ತಿತ್ತು. ನೋಡಿದವರು ಒಲೆಯ ಗಾಯ ಎಂದುಕೊಳ್ಳುತ್ತಿದ್ದರು. ಅದು ಒಲೆಯದಲ್ಲ. ಕಾದ ಚಿಪ್‌ಗಳನ್ನು ವರ್ಷಾನುಗಟ್ಟಲೆ ಮುಟ್ಟಿ ಮುಟ್ಟಿ ಆದದ್ದು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅವರ ಮನೆ ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿಯ ದಂಡೆಗೆ. ಅಣ್ಣ ಮೀನುಗಾರಿಕೆ ಬೋಟಿನ ತಾಂಡೇಲ. ಬೋಟು ಎಲ್ಲಿ ಹೋಗಬೇಕು, ಬಲೆ ಎಲ್ಲಿ ಬಿಡಬೇಕು ಎಂದು ಹೇಳುವವನು ತಾಂಡೇಲ. ಅವನ ಮಾತಿಗೆ ಬೋಟಿನ ಮೇಲೆ ಎದುರಾಡುವವರಿಲ್ಲ. ಮನೆಯಲ್ಲಿ ಮಾತ್ರ ಎದುರಾಡುವವಳು ಒಬ್ಬಳಿದ್ದಳು. ಮದುವೆಗೆ ಮೊದಲೇ ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತಿದ್ದ ವೈನಿ, ಅಣ್ಣ ಹಾಳಾಯಿತೆಂದು ಜಗಲಿಯ ಮೂಲೆಗೆ ಎಸೆದಿದ್ದ ಫಿಶ್ ಫೈಂಡರನ್ನು ಬಿಚ್ಚಿ ಸರಿಮಾಡಿದ್ದೇ ಮೊದಲು, ಮನೆಯ ಮುಂದಿನ ಕೋಣೆ ಅಂಗಡಿಯಾಯಿತು. ನೀರೊಳಗಿನ ಮೀನನ್ನು ತೋರಿಸುವ ಆ ಯಂತ್ರ, ಜಿಪಿಎಸ್, ವಾಯರ್‌ಲೆಸ್ ಸೆಟ್ಟು, ಹೀಗೆ ಉಪ್ಪುನೀರು ಕುಡಿದು ಮಾತು ಬಿಟ್ಟವೆಲ್ಲ ಅಲ್ಲಿಗೆ ಬರುತ್ತಿದ್ದವು. ಬಂದರಿನವರಿಗೆ ಅವಳು ‘ಬಾಯಿ’, ಕೊಂಕಣಿಯಲ್ಲಿ ಅಕ್ಕ ಎಂದಂತೆ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ.

ನನ್ನದು ಅಂಕೋಲೆಯಲ್ಲಿ ಇನ್ವರ್ಟರ್ ರಿಪೇರಿ ಅಂಗಡಿ. ಹಟ್ಟಿಕೇರಿಯ ಮನೆಯದೋ ಹಿಲ್ಲೂರಿನ ತೋಟದ ಮನೆಯದೋ ಸಿಡಿಲು ಬಡಿದ ಬೋರ್ಡು ನನ್ನ ಕೈಗೆ ಬಗ್ಗದಿದ್ದರೆ, ಭಾನುವಾರ ಅದನ್ನು ಚೀಲಕ್ಕೆ ಹಾಕಿಕೊಂಡು ಕಾರವಾರದ ಬಸ್ಸು ಹತ್ತುತ್ತಿದ್ದೆ. ವೈನಿ ಮೊದಲು ಪೇಜ ಬಡಿಸುತ್ತಿದ್ದಳು. ಗಂಜಿಯ ತಟ್ಟೆ ಖಾಲಿಯಾಗುವ ತನಕ ಬೋರ್ಡಿನ ಮಾತಿಲ್ಲ. ಆಮೇಲೆ ಕೈ ಒರೆಸಿಕೊಂಡು ಕೂತು ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ನನಗೂ ಕೇಳುವಳು: “ಕಡೆಗೆ ಎಂತ ತೋರಿಸ್ತು?”

ಯಂತ್ರ ಸಾಯುವ ಮೊದಲು ಪರದೆಯ ಮೇಲೆ ಕೊನೆಗೆ ಏನು ಕಂಡಿತು, ಯಾವ ದೀಪ ಮಿನುಗಿತು, ಯಾವ ಸದ್ದು ಬಂತು ಎನ್ನುವುದನ್ನು ಕೇಳದೆ ಅವಳು ಒಂದು ಸ್ಕ್ರೂವನ್ನೂ ಬಿಚ್ಚುತ್ತಿರಲಿಲ್ಲ. ಬಂದರಿನಲ್ಲಿ ಎಲ್ಲರಿಗಿಂತ ಹಿರಿಯನಾದ ಒಬ್ಬ ತಾಂಡೇಲ ಒಮ್ಮೆ ಈ ಪ್ರಶ್ನೆಗೆ ರೇಗಿ, ಅದು ಕಡೆಗೂ ಏನೂ ತೋರಿಸಲಿಲ್ಲ, ವಾರದಿಂದ ಒಂದು ಬಂಗಡೆಯನ್ನೂ ತೋರಿಸಿಲ್ಲ ಎಂದ. ವೈನಿ ತಲೆ ಎತ್ತದೆಯೇ ಹೇಳಿದಳು: “ಮೀನು ತೋರಿಸದೇ ಇದ್ದದ್ದು ಅದರ ತಪ್ಪಲ್ಲ, ನಿಮ್ಮದು. ಅದನ್ನ ನಾ ರಿಪೇರಿ ಮಾಡೂದಿಲ್ಲ.” ಆ ಮಾತನ್ನು ಬಂದರಿನ ತುಂಬ ಹೇಳಿಕೊಂಡು ನಕ್ಕವನೂ ಅವನೇ.

ಅವಳ ಕೆಲಸದ ಗುಟ್ಟು ಗುಟ್ಟೇನಲ್ಲ; ಕೇಳಿದವರಿಗೆಲ್ಲ ಹೇಳುತ್ತಿದ್ದಳು. ಉಪ್ಪುನೀರು ಹೊಕ್ಕ ಬೋರ್ಡಿನಲ್ಲಿ ಸಾಸಿವೆಯಷ್ಟು ಸಣ್ಣ ಭಾಗವೊಂದು ಶಾರ್ಟ್ ಆಗಿ, ಬಂದ ಕರೆಂಟನ್ನೆಲ್ಲ ತಾನೇ ಕುಡಿಯುತ್ತದೆ. ಅಂಥವು ನೂರಾರು, ನೋಡಲು ಎಲ್ಲ ಒಂದೇ. ಬೋರ್ಡಿಗೆ ಸ್ವಲ್ಪವೇ ಕರೆಂಟು ಬಿಟ್ಟರೆ ತಪ್ಪು ಮಾಡಿದ್ದು ಎಲ್ಲಕ್ಕಿಂತ ಮೊದಲು ಕಾಯುತ್ತದೆ. ಆ ಬಿಸಿಯನ್ನು ಹುಡುಕಬೇಕು. ವೈನಿ ಹುಡುಕುತ್ತಿದ್ದದ್ದು ಕಿರುಬೆರಳಿನ ಬೆನ್ನಿನಿಂದ. ಅವಳ ತಾಯಿ ಕಾರವಾರದ ಮೀನುಪೇಟೆಯಲ್ಲಿ ಬುಟ್ಟಿ ಇಟ್ಟು ಕೂರುತ್ತಿದ್ದವರು. ಮಂಜುಗಡ್ಡೆಯಲ್ಲಿದ್ದ ಮೀನು ಎಷ್ಟು ತಣ್ಣಗಿದೆ ಎಂದು ಕೈಬೆನ್ನಿನಿಂದಲೇ ನೋಡುತ್ತಿದ್ದರಂತೆ. ಬೆರಳ ತುದಿ ಯಾಕಾಗದು ಎಂದು ನಾನು ಕೇಳಿದ್ದೆ.

“ತುದಿಗೆ ಅಭ್ಯಾಸ ಆಗಿ ಹೋಯ್ತು ತಮಾ, ಬಿಸಿ ಅಂದ್ರೆ ಹೆದರೂದಿಲ್ಲ. ಬೆನ್ನಿಗೆ ಇನ್ನೂ ಹೆದರಿಕೆ ಅದೆ. ಹೆದರೂದರ ಮಾತೇ ನಾ ನಂಬೂದು.”

ಆಮೇಲೆ ಅವಳಿಗೆ ಕ್ಯಾನ್ಸರ್ ಬಂತು. ಮಣಿಪಾಲಕ್ಕೆ ಹೋಗಿ ಬಂದು ಮಾಡಿದರು. ಕೂದಲು ಹೋದದ್ದಕ್ಕೆ ಅವಳು ಅಷ್ಟು ಬೇಸರ ಮಾಡಲಿಲ್ಲ, ಬೇಸಿಗೆಗೆ ಹಗುರಾಯಿತು ಎಂದಳು. ಉಗುರು ಕಪ್ಪಾದದ್ದನ್ನು ಮಾತ್ರ ಅವಳಿಗೆ ಸಹಿಸಲಾಗಲಿಲ್ಲ. ಜನ ಬೋರ್ಡು ಕೊಡುವಾಗ ನೋಡುವುದು ಕೈಯನ್ನೇ ತಾನೆ. ಎಂದೂ ನೇಲ್ ಪಾಲಿಶ್ ಹಚ್ಚದವಳು ಬಳೆ ಅಂಗಡಿಯಿಂದ ಕಡುಕೆಂಪು ಬಣ್ಣದ ಪುಟ್ಟ ಬಾಟಲಿ ತಂದು, ಹತ್ತೂ ಉಗುರಿಗೆ ಹಚ್ಚಿ, ಬಾಟಲಿಯನ್ನು ಸೋಲ್ಡರಿಂಗ್ ಐರನ್ನಿನ ಪಕ್ಕದಲ್ಲೇ ಇಟ್ಟುಕೊಂಡಳು.

ಚಿಕಿತ್ಸೆ ಮುಗಿಸಿ ಬರುವ ದಾರಿಯಲ್ಲೇ ಅಣ್ಣ ಅಂಗಡಿ ಸಾಕು ಎಂದಿದ್ದನಂತೆ. ದುಡಿದದ್ದು ಸಾಕು, ಹೊಗೆ ಕುಡಿದದ್ದು ಸಾಕು, ಮನೆಯಲ್ಲಿ ಕೂತಿರು. ಅವನದು ಪ್ರೀತಿಯ ಮಾತೇ. ಆದರೆ ವೈನಿಗೆ ಆ ಮೇಜೊಂದೇ ರೋಗದ ಸುದ್ದಿ ಇಲ್ಲದ ಜಾಗ. ಈ ಸೀಸನ್ನು ನೋಡೋಣ, ಕೈಲಾಗದಿದ್ದರೆ ನಾನೇ ಮುಚ್ಚುತ್ತೇನೆ ಎಂದು ಅವಳು ಒಪ್ಪಂದ ಮಾಡಿಕೊಂಡಿದ್ದಳು.

ಅದು ಮಳೆಗಾಲ. ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ದಡದಲ್ಲಿ. ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಮತ್ತೆ ಬೋಟು ಇಳಿಸುವಷ್ಟರಲ್ಲಿ ಎಲ್ಲ ಯಂತ್ರ ತಯಾರಾಗಬೇಕು. ವೈನಿಯ ಕೋಣೆಯಲ್ಲಿ ಫಿಶ್ ಫೈಂಡರುಗಳು ಒಂದರ ಮೇಲೊಂದು ಪೇರಿಸಿದ್ದವು. ನಾನು ಹೋದ ಒಂದು ಭಾನುವಾರ ಅವಳು ಬೋರ್ಡಿಗೆ ಕರೆಂಟು ಬಿಟ್ಟು ಬೆರಳಿನ ಬೆನ್ನನ್ನು ಆಡಿಸುತ್ತ ಹೋದಳು. ಒಂದು ಕಡೆ ನಿಂತಳು. ಬೆರಳು ಎತ್ತಲಿಲ್ಲ. ಎಲ್ಲಿಂದಲೋ ಕೂದಲು ಸುಟ್ಟಂಥ ವಾಸನೆ ಬಂತು. ಅದು ಅವಳ ಚರ್ಮದ್ದು ಎಂದು ನನಗೆ ತಿಳಿದದ್ದು, ನಾನೇ ಕೈ ಹಿಡಿದು ಎಳೆದಾಗ.

ವೈನಿ ಬೆರಳನ್ನು ಬೇರೆ ಯಾರದೋ ಎಂಬಂತೆ ನೋಡಿದಳು. “ಬೆರಳು ಮನೇಲಿಲ್ಲ ತಮಾ,” ಎಂದಳು. ಕರೆಂಟು ತೆಗೆಯುತ್ತ, “ಅಣ್ಣಂಗೆ ಹೇಳಬೇಡ.”

ಔಷಧಿಯಿಂದ ಕೈಕಾಲಿನ ತುದಿಗೆ ಸ್ಪರ್ಶ ಹೋಗುವುದುಂಟು, ಮರಳಿ ಬಂದರೆ ಬಂತು ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಅವಳು ಅದನ್ನು ಯಾರಿಗೂ ಹೇಳಿರಲಿಲ್ಲ. ಬೋರ್ಡಿನ ಮೇಲೆ ಸ್ಪಿರಿಟ್ ಸವರಿ, ಎಲ್ಲಿ ಮೊದಲು ಒಣಗುತ್ತದೆ ಎಂದು ನೋಡುವ ಹಳೆಯ ಉಪಾಯವನ್ನೂ ಮಾಡಿ ನೋಡಿದ್ದಳು. ಆದರೆ ಭಾಗಗಳು ಒತ್ತೊತ್ತಾಗಿ ಕೂತಲ್ಲಿ ಎಲ್ಲ ಒಟ್ಟಿಗೇ ಒಣಗುತ್ತಿತ್ತು. ಔಷಧಿಯಿಂದಾಗಿ ಕಣ್ಣಲ್ಲಿ ನೀರು ಬೇರೆ. ನಾನೇ ಬಂದು ಮುಟ್ಟಿ ಹೇಳುತ್ತೇನೆ ಎಂದೆ. ಅವಳು ನಕ್ಕಳು. “ನಿನ್ನ ಬೆರಳು ಅಂಕೋಲೆಲಿ ಅದೆ, ಬೋರ್ಡು ಇಲ್ಲಿ. ನಡುವೆ ಬಸ್ಸು ಬೇಕಲಾ?”

ಥರ್ಮಲ್ ಕ್ಯಾಮೆರಾದ ಮಾತು ತೆಗೆದವನು ನಾನು. ಬಿಸಿಯನ್ನು ಬಣ್ಣ ಮಾಡಿ ತೋರಿಸುವ ಕ್ಯಾಮೆರಾ: ತಣ್ಣಗಿದ್ದದ್ದು ನೀಲಿ, ಬೆಚ್ಚಗಿದ್ದದ್ದು ಹಳದಿ, ತೀರ ಕಾದದ್ದು ಬಿಳಿ. ಪರಿಚಯದ ಒಬ್ಬ ಎಲೆಕ್ಟ್ರಿಶಿಯನ್ ದೊಡ್ಡ ಪ್ಯಾನೆಲ್ಲುಗಳನ್ನು ನೋಡಲು ಪಿಸ್ತೂಲಿನ ಆಕಾರದ್ದೊಂದು ಇಟ್ಟುಕೊಂಡಿದ್ದ. ಮುಂದಿನ ವಾರ ಅದನ್ನೇ ಕೇಳಿ ತಂದೆ. ದೂರದ ಫ್ಯೂಸು ಚೆನ್ನಾಗಿ ಕಂಡಿತು. ಬೋರ್ಡಿನ ಹತ್ತಿರ ಹಿಡಿದರೆ ಎಲ್ಲ ಕಲಸಿಹೋಗಿ ಒಂದೇ ಬೆಂಕಿಯ ಮುದ್ದೆ. ವೈನಿ ಅದನ್ನು ಮುಂದೆ ಹಿಂದೆ ಮಾಡಿ ನೋಡಿ ಮೇಜಿನ ಮೇಲಿಟ್ಟಳು. ಸಿಗಡಿಗೆ ನಮ್ಮಲ್ಲಿ ಶೆಟ್ಲಿ ಎನ್ನುತ್ತಾರೆ. “ಇದು ಬೋಟು ಹುಡುಕೂದಕ್ಕೆ ಆದೀತು, ಶೆಟ್ಲಿ ಹುಡುಕೂದಕ್ಕಲ್ಲ,” ಎಂದಳು. ಸರಿ, ಹತ್ತಿರದ್ದು ಕಾಣಬೇಕು. ಅದು ಮೊದಲ ಶರತ್ತು.

ಮೇಜಿಗೆ ಹೇಳಿಮಾಡಿಸಿದ ದೊಡ್ಡ ಕಂಪನಿಗಳ ಕ್ಯಾಮೆರಾ ಇದ್ದವು. ಅವುಗಳ ಬೆಲೆಗೆ ಅಣ್ಣನ ಬೋಟಿಗೆ ಹೊಸ ಬಲೆಯೇ ಬರುತ್ತಿತ್ತು. ಹಾಗಾಗಿ ನಾವಿಬ್ಬರೂ ನನ್ನ ಫೋನು ಹಿಡಿದುಕೊಂಡು ಅಗ್ಗದವನ್ನು ಹುಡುಕಲು ಕೂತೆವು. ಆಗ ನೋಡಿದೆ ಮೀನು ಮಾರುವವಳ ಮಗಳನ್ನು. ತಾಯಿಯ ಬುಟ್ಟಿಯ ಪಕ್ಕ ಕೂತು ಕಲಿತದ್ದೆಲ್ಲ ಹೊರಗೆ ಬಂತು. ಒಂದು ಜಾಹೀರಾತಿನಲ್ಲಿ ಚಿತ್ರದ ಚುಕ್ಕಿಗಳ ಲೆಕ್ಕ ದೊಡ್ಡ ಅಕ್ಷರದಲ್ಲಿತ್ತು, ನಾನು ಮರುಳಾದೆ. ವೈನಿ ಕೇಳಿದಳು: “ಈ ಲೆಕ್ಕ ಕಣ್ಣಿನದಾ, ಕನ್ನಡಿದಾ?” ಕೆಳಗೆ ಎಳೆದು ನೋಡಿದರೆ ಆ ದೊಡ್ಡ ಲೆಕ್ಕ ಪರದೆಯದು. ಒಳಗಿನ ಸೆನ್ಸರಿಗೆ ಇದ್ದದ್ದು ಅದರ ಸಣ್ಣ ಪಾಲು. ಉಳಿದದ್ದನ್ನು ಯಂತ್ರ ತಾನೇ ಊಹಿಸಿ ತುಂಬುತ್ತಿತ್ತು. ಮೀನಿಗೆ ನೀರು ಚಿಮುಕಿಸಿ ಹೊಸದು ಅಂತ ಕೊಡುವವರೂ ಹೀಗೇ, ಕಿವಿರು ಎತ್ತಿ ನೋಡದೆ ಕೊಳ್ಳಬಾರದು ಎಂದಳು. ಅಲ್ಲಿಂದ ಮುಂದೆ ಪ್ರತಿಯೊಂದಕ್ಕೂ ಮೊದಲು ಕೆಳಗಿನ ಸಣ್ಣ ಅಕ್ಷರವನ್ನೇ ಓದಿಸಿದಳು.

ಸೆಕೆಂಡಿಗೆ ಕೆಲವೇ ಚಿತ್ರ ತೋರಿಸುವ ಕ್ಯಾಮೆರಾ ತೀರ ಅಗ್ಗಕ್ಕಿತ್ತು. ಅದನ್ನೂ ಬೇಡವೆಂದಳು. ಕರೆಂಟು ಬಿಟ್ಟ ಕೂಡಲೆ ಯಾವುದು ಮೊದಲು ಕಾಯಿತು ಎನ್ನುವುದೇ ಮುಖ್ಯ. ಒಂದು ಗಳಿಗೆ ತಡವಾದರೆ ಅಕ್ಕಪಕ್ಕದ್ದೂ ಬೆಚ್ಚಗಾಗಿ ಯಾರು ಶುರುಮಾಡಿದ್ದು ಎಂದು ತಿಳಿಯುವುದಿಲ್ಲ. ಉಷ್ಣತೆಯನ್ನು ಕರಾರುವಾಕ್ಕಾಗಿ ಹೇಳುತ್ತದೆ ಎಂಬ ಹೊಗಳಿಕೆಗೆ ಮಾತ್ರ ಅವಳು ಬೆಲೆ ಕೊಡಲಿಲ್ಲ. “ಎಷ್ಟು ಜ್ವರ ಅಂತ ನಂಗೆ ಬೇಡ. ನೆರೆಮನೆಯವರಿಗಿಂತ ಯಾರಿಗೆ ಹೆಚ್ಚು ಅಂತ ಹೇಳಿದ್ರೆ ಸಾಕು.”

ಕೊನೆಗೆ ಒಪ್ಪಿದ್ದು ಫೋನಿನ ಬುಡಕ್ಕೆ ಸಿಕ್ಕಿಸುವ ಹೆಬ್ಬೆರಳಿನಷ್ಟು ದೊಡ್ಡದೊಂದನ್ನು. ಅದಕ್ಕೆ ಹತ್ತಿರದ್ದನ್ನು ತೋರಿಸುವ ಪುಟ್ಟ ಗಾಜೂ ಜೊತೆಗೆ ಬರುತ್ತಿತ್ತು. ಅವಳ ಫೋನಿನ ಚಾರ್ಜಿಂಗ್ ತೂತು ಹಳೆಯ ನಮೂನೆಯದು, ಹೊಂದುವುದಿಲ್ಲ ಎಂದು ಆರ್ಡರ್ ಮಾಡುವ ಮೊದಲೇ ಅವಳೇ ನೋಡಿದಳು. ನನ್ನ ಹೆಂಡತಿ ಬಿಟ್ಟ ಫೋನಿಗೆ ಸರಿಹೊಂದುತ್ತಿತ್ತು. ಪರದೆಯ ಮೂಲೆ ಒಡೆದಿದ್ದರೂ ಅದೇ ಕ್ಯಾಮೆರಾದ ಫೋನಾಯಿತು. ಪಾರ್ಸೆಲ್ ಬಂದದ್ದು ಅಂಕೋಲೆಯ ನನ್ನ ಅಂಗಡಿಗೆ, ಅಣ್ಣನ ಕಣ್ಣು ತಪ್ಪಿಸಿ.

ಮೊದಲ ಪರೀಕ್ಷೆಗೆ ಸಿಕ್ಕಿದ್ದು ಆ ಹಿರಿಯ ತಾಂಡೇಲನ ವಾಯರ್‌ಲೆಸ್ ಸೆಟ್ಟು. ಹಳೆಯ ಟೇಬಲ್ ಲ್ಯಾಂಪಿನ ಬಗ್ಗುವ ಕುತ್ತಿಗೆಗೆ ಫೋನು ಕಟ್ಟಿ, ಕೆಳಗೆ ಬೋರ್ಡಿಟ್ಟು ಕರೆಂಟು ಬಿಟ್ಟಳು. ಪರದೆಯ ನಡುವೆ ಹಳದಿ ಮಚ್ಚೆ. ಬೋರ್ಡಿನ ಒಂದು ಭಾಗವನ್ನು ಮುಚ್ಚಿದ್ದ ಹೊಳೆಯುವ ತಗಡಿನ ಮೇಲೆಯೇ ಅದು ಇತ್ತು. ಸಂಭ್ರಮದಿಂದ ತಗಡು ಬಿಡಿಸಿ ಅಡಿಯ ಚಿಪ್ ಬದಲಾಯಿಸಿದಳು. ಸೆಟ್ಟು ಏಳಲಿಲ್ಲ. ತಗಡು ಕೂರಿಸಿ ಮತ್ತೆ ನೋಡಿದರೆ ಮಚ್ಚೆ ಇದ್ದಲ್ಲೇ ಇದೆ. ಇನ್ನೊಂದು ಚಿಪ್ ತೆಗೆದಳು. ಅದೂ ವ್ಯರ್ಥ. ತಂದದ್ದು ಮೋಸವಾಯಿತು, ನಾನೇ ಇವಳಿಗೆ ಆಸೆ ಹಚ್ಚಿದೆ ಎಂದುಕೊಂಡೆ. ಅಷ್ಟರಲ್ಲಿ ವೈನಿಗೆ ಸೀನು ಬಂದು ಅವಳು ಪಕ್ಕಕ್ಕೆ ತಿರುಗಿದಳು. ಮಚ್ಚೆಯೂ ಪಕ್ಕಕ್ಕೆ ಸರಿಯಿತು.

ಅವಳು ತಲೆಯನ್ನು ಎಡಕ್ಕೆ ಒಯ್ದಳು, ಬಲಕ್ಕೆ ಒಯ್ದಳು. ಮಚ್ಚೆ ಜೊತೆಗೇ ಹೋಯಿತು, ಬಂತು. ಹೊಳೆಯುವ ತಗಡು ತನ್ನ ಬಿಸಿ ತೋರಿಸದೆ, ಕನ್ನಡಿಯಂತೆ ಅವಳ ಮುಖದ ಬಿಸಿಯನ್ನು ತೋರಿಸುತ್ತಿತ್ತು. ವೈನಿ ಕೆಮ್ಮು ಬರುವವರೆಗೆ ನಕ್ಕಳು. “ಮಾರಾಯಾ, ಇಷ್ಟು ಹೊತ್ತು ನನ್ನನ್ನೇ ರಿಪೇರಿ ಮಾಡ್ತಿದ್ದೆ!”

ಆಮೇಲೆ ಅವಳು ಸುಮ್ಮನೆ ಪರದೆಯನ್ನೇ ನೋಡುತ್ತ ಕೂತಳು. ತಗಡಿನ ಒಂದು ಮೂಲೆಗೆ ಕಂಪನಿಯ ಕಾಗದದ ಚೀಟಿ ಅಂಟಿಸಿತ್ತು. ಅಲ್ಲಿ ಮಾತ್ರ ಅವಳ ಮುಖ ಇರಲಿಲ್ಲ. ಕಾಗದದ ಮೇಲೆ ನಾನಿಲ್ಲ, ತಗಡಿನ ಮೇಲೆ ಇದ್ದೇನೆ ಎಂದು ಗೊಣಗಿದಳು. ಹೊಳಪಿಗೆ ಏನಾದರೂ ಬಳಿದರೆ ಅದು ನಿಜ ಹೇಳೀತು. ಆದರೆ ಇರುವೆಯಷ್ಟು ಸಣ್ಣ ಲೋಹದ ತುದಿಗಳಿಗೆ ಕಾಗದ ಎಲ್ಲಿ ಅಂಟಿಸುವುದು? ಅವಳ ಕಣ್ಣು ಮೇಜಿನ ಮೇಲೆ ಓಡಾಡಿ ನೇಲ್ ಪಾಲಿಶಿನ ಬಾಟಲಿಯ ಮೇಲೆ ನಿಂತಿತು. ಕರೆಂಟು ತೆಗೆದು, ತಗಡಿಗೆ ಒಂದು, ಪಕ್ಕದ ಹೊಳೆಯುವ ಮೂರ್ನಾಲ್ಕು ಭಾಗಗಳಿಗೆ ಒಂದೊಂದು ಕೆಂಪು ಬೊಟ್ಟಿಟ್ಟಳು. ಒಣಗುವವರೆಗೆ ಊದಿದಳು. ಮತ್ತೆ ಕರೆಂಟು ಬಿಟ್ಟಾಗ ತಗಡಿನ ಬೊಟ್ಟು ನೀಲಿಯಾಗಿಯೇ ಉಳಿಯಿತು. ಬೋರ್ಡಿನ ಅಂಚಿನಲ್ಲಿ, ನಾವು ತಿರುಗಿಯೂ ನೋಡದಿದ್ದ ಕಡೆ, ಒಂದು ಪುಟ್ಟ ಬೊಟ್ಟು ಬೆಳ್ಳಗೆ ಎದ್ದು ನಿಂತಿತು.

ಅದನ್ನು ಬದಲಾಯಿಸಿದ ಮೇಲೆ ಸೆಟ್ಟಿನಲ್ಲಿ ಗರಗರ ಸದ್ದು ಬಂತು. ವೈನಿ ಆ ಸದ್ದನ್ನು ಬಹಳ ಹೊತ್ತು ಕೇಳಿದಳು.

ಅದೇ ಸಂಜೆ ಅಣ್ಣ ಬಂದರಿನಿಂದ ಬಂದ. ಫೋನು, ದೀಪದ ಕುತ್ತಿಗೆ, ಕೆಂಪು ಬೊಟ್ಟು ಎಲ್ಲ ನೋಡಿ ಇದೆಂತ ಆಟ ಎಂದು ಕೇಳಿದ. ನಾನು ಏನಾದರೂ ಹೇಳಿ ತಪ್ಪಿಸೋಣವೆಂದಿದ್ದೆ. ಅಷ್ಟರಲ್ಲಿ ವೈನಿ ಬೋರ್ಡು ಎತ್ತಲು ಕೈ ಚಾಚಿದಳು. ಆ ಕೈ ಪರದೆಯ ಮೇಲೆ ಬಂತು. ಅಂಗೈ ಹಳದಿ. ಬೆರಳುಗಳು ಅರ್ಧದಿಂದ ಕಪ್ಪುನೀಲಿ, ತುದಿಗೆ ಹೋಗುತ್ತ ಹೋಗುತ್ತ ಇಲ್ಲವೇ ಇಲ್ಲ ಎಂಬಂತೆ. ಅಣ್ಣ ಬಗ್ಗಿದ. ತನ್ನ ಕೈಯನ್ನು ಅವಳ ಕೈಯ ಪಕ್ಕ ಇಟ್ಟ. ಬಲೆ ಎಳೆದು ದಪ್ಪವಾದ ಆ ಬೆರಳುಗಳು ಉಗುರಿನ ತನಕ ಹಳದಿ.

“ನಿನ್ನ ತುದಿ ಎಲ್ಲಿ?” ಎಂದ.

“ಅಲ್ಲೇ ಅದೆ. ತಣ್ಣಗೆ ಅದೆ ಅಷ್ಟೇ.” ವೈನಿ ಕೈ ಹಿಂದೆಗೆಯಲಿಲ್ಲ. “ಬೆರಳಿಗೆ ಗೊತ್ತಾಗೂದಿಲ್ಲ ಈಗ. ಇದಕ್ಕೆ ಗೊತ್ತಾಗ್ತದೆ. ಇನ್ನು ನೀವು ಹೇಳಿ, ಮುಚ್ಚೂದಾ?”

ಒಪ್ಪಂದದ ಮಾತು ನನಗೂ ಗೊತ್ತಿತ್ತು. ನಾನು ಗೋಡೆ ನೋಡುತ್ತ ನಿಂತೆ. ಅಣ್ಣ ಅವಳ ಸುಟ್ಟ ಕಿರುಬೆರಳನ್ನು ಹಿಡಿದು ತಿರುಗಿಸಿ ನೋಡಿದ, ಬಿಟ್ಟ. ಆಮೇಲೆ ದೀಪದ ಕುತ್ತಿಗೆಯನ್ನು ಒಮ್ಮೆ ಅಲ್ಲಾಡಿಸಿದ.

“ಹೀಂಗೆ ಯಾರು ಕಟ್ಟೂದು? ಬೋಟಿನ ಮೇಲಾದ್ರೆ ಮೊದಲ ತೆರೆಗೇ ಹೋಗ್ತದೆ.”

ಮರುದಿನ ಹಳೆಯ ಬೋಟಿನ ಹಲಗೆ ತುಂಡು ತಂದು, ಕೊರೆದು, ನೈಲಾನ್ ಹಗ್ಗದಿಂದ ಬಿಗಿದು ಒಂದು ಸ್ಟ್ಯಾಂಡು ಮಾಡಿಕೊಟ್ಟನಂತೆ. ಆ ಗಂಟುಗಳು ಇನ್ನೂ ಸಡಿಲವಾಗಿಲ್ಲ. ಅಂಗಡಿ ಮುಚ್ಚುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಬೋಟು ಇಳಿಯುವ ಹೊತ್ತಿಗೆ ಎಲ್ಲರ ಯಂತ್ರವೂ ತಯಾರಾಗಿತ್ತು. ಹಿರಿಯ ತಾಂಡೇಲ ತನ್ನ ಸೆಟ್ಟನ್ನು ಇಸಿದುಕೊಳ್ಳುವಾಗ ಮುಚ್ಚಳ ಹಾಕುವ ಮೊದಲು ಒಳಗಿನ ಕೆಂಪು ಬೊಟ್ಟುಗಳನ್ನು ನೋಡಿದ. ಸೆಟ್ಟನ್ನು ಕಣ್ಣಿಗೊತ್ತಿಕೊಂಡು ಹೋದ. ಆ ಸಲ ಅವನಿಗೆ ಮೀನೂ ಚೆನ್ನಾಗಿ ಬಿತ್ತು. ಇನ್ನು ಹೇಳುವುದೇನು? ‘ಬಾಯಿ’ ದೊಡ್ಡ ರೋಗದಿಂದ ಎದ್ದು ಬಂದವಳು, ಪೂಜೆ ಮಾಡಿ ಬೊಟ್ಟಿಟ್ಟು ಕೊಡುತ್ತಾಳೆ ಎಂದು ಬಂದರಿನಲ್ಲಿ ಸುದ್ದಿಯಾಯಿತು. ಬರೀ ವಾಯರು ತುಂಡಾದ ಯಂತ್ರ ತಂದವರೂ ಬೊಟ್ಟಿಲ್ಲದೆ ಒಯ್ಯಲು ಒಪ್ಪಲಿಲ್ಲ. ಅದು ಪೂಜೆಯಲ್ಲ, ಬಿಸಿ ನೋಡುವ ಗುರುತು ಎಂದು ವೈನಿ ಹೇಳಿ ಹೇಳಿ ಸೋತಳು. ಯಾಕೆ ಸುಮ್ಮನೆ ಇಡುತ್ತೀ ಎಂದು ನಾನು ಕೆಣಕಿದರೆ, “ಕೇಳ್ಕೊಂಡು ಬಂದವರಿಗೆ ಇಲ್ಲ ಅನ್ನೂದು ಎಂತಕ್ಕೆ? ಬಾಟಲಿ ಇನ್ನೂ ಅರ್ಧ ಅದೆ,” ಎನ್ನುವಳು. ಮುಚ್ಚಳದ ಒಳಮೈಗೆ, ಯಾವ ಕೆಲಸಕ್ಕೂ ಅಡ್ಡಬಾರದ ಕಡೆ, ಒಂದು ಬೊಟ್ಟು ಬೀಳುತ್ತಿತ್ತು.

ಆ ಸೀಸನ್ನು ಮುಗಿಯಿತು, ಅದರ ಮುಂದಿನದೂ ಮುಗಿಯುತ್ತ ಬಂತು. ಬೆರಳಿಗೆ ಸ್ಪರ್ಶ ಮರಳಲಿಲ್ಲ. ರೋಗ ಮರಳಿತು. ಈ ಸಲ ಅವಳು ಮಣಿಪಾಲಕ್ಕೆ ಹೋಗಲು ಒಪ್ಪಲಿಲ್ಲ. ಮಂಚವನ್ನು ಅಂಗಡಿಯ ಕೋಣೆಗೇ ಹಾಕಿಸಿಕೊಂಡಳು. ಅಲ್ಲಿಂದ ಮೇಜೂ ಕಾಣುತ್ತದೆ, ಕಿಟಕಿಯಲ್ಲಿ ಕಾಳಿಯ ನೀರೂ ಕಾಣುತ್ತದೆ. ಅಣ್ಣ ಬೋಟನ್ನು ಇನ್ನೊಬ್ಬರಿಗೆ ಒಪ್ಪಿಸಿ ಮನೆಯಲ್ಲೇ ಇದ್ದ.

ಕೊನೆಯ ಸಲ ಹೋದಾಗ ಅಭ್ಯಾಸದಂತೆ ಚೀಲದಲ್ಲಿ ಹಿಲ್ಲೂರಿನ ಒಂದು ಇನ್ವರ್ಟರ್ ಬೋರ್ಡು ಇತ್ತು. ತೋರಿಸುವುದೋ ಬೇಡವೋ ಎಂದು ಕಾಲಬುಡದಲ್ಲಿ ಇಟ್ಟುಕೊಂಡಿದ್ದೆ. ವೈನಿ ಚೀಲ ನೋಡಿದಳು. ದನಿ ತೀರ ಸಣ್ಣದಾಗಿತ್ತು.

“ಕಡೆಗೆ ಎಂತ ತೋರಿಸ್ತು?”

ಕೆಂಪು ದೀಪ ಎರಡು ಸಲ ಮಿನುಗಿ ಆರಿತಂತೆ ಎಂದೆ. ಮೇಜಿನ ಮೇಲೆ ಇಡಲು ಸನ್ನೆ ಮಾಡಿದಳು. ಅಣ್ಣ ಅವಳ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ. ನಾನು ಕರೆಂಟು ಬಿಟ್ಟೆ. ಪರದೆಯಲ್ಲಿ ಒಂದು ಕಡೆ ಹಳದಿ ಎದ್ದಿತು. ನನ್ನ ಕೈ ಆಗಲೇ ಐರನ್ನಿಗೆ ಹೋಗಿತ್ತು.

“ತಡಿ ತಮಾ. ಹೊಳೆಯೂದನ್ನ ಮೊದಲು ನಂಬಬೇಡ. ಬೊಟ್ಟಿಟ್ಟು ನೋಡು.”

ಇಟ್ಟು ನೋಡಿದೆ. ಅದಾಗಿರಲಿಲ್ಲ. ಅದರ ಪಕ್ಕದ್ದು. ವೈನಿ ದಿಂಬಿಗೆ ಒರಗಿ ಕಣ್ಣು ಮುಚ್ಚಿದಳು, ಮುಖದ ಮೇಲೆ ಸಣ್ಣ ನಗೆ ಇತ್ತು. ಆ ವಾರವೇ, ಒಂದು ಬೆಳಿಗ್ಗೆ, ಅಣ್ಣ ಪೇಜದ ತಟ್ಟೆ ಹಿಡಿದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಅವಳ ಕೈ ತಣ್ಣಗಿದ್ದದ್ದು ಅಣ್ಣನಿಗೆ ಮೊದಲು ಗೊತ್ತೇ ಆಗಲಿಲ್ಲವಂತೆ. ಅದು ಯಾವಾಗಲೂ ಹಾಗೇ ಇರುತ್ತಿತ್ತಲ್ಲ ಎಂದ.

ಈಗ ಆ ಕ್ಯಾಮೆರಾ, ಆ ಸ್ಟ್ಯಾಂಡು, ಆ ಕೆಂಪು ಬಾಟಲಿ ಅಂಕೋಲೆಯಲ್ಲಿ ನನ್ನ ಮೇಜಿನ ಮೇಲಿವೆ. ಅಣ್ಣನೇ ತಂದಿಟ್ಟ. ಮಳೆಗಾಲ ಬಂದರೆ ಕಾರವಾರದ ಬೋಟಿನವರು ಯಂತ್ರ ಹೊತ್ತು ಇಲ್ಲಿಗೇ ಬರುತ್ತಾರೆ. ಹಿರಿಯ ತಾಂಡೇಲ ಈ ಸಲವೂ ಬಂದಿದ್ದ. ನಾನು ಸೆಟ್ಟು ಸರಿಮಾಡಿ ಕೊಟ್ಟರೆ, ಸ್ಕ್ರೂ ಬಿಚ್ಚಿಸಿ ಒಳಗೆ ನೋಡಿ, ಬೊಟ್ಟು ಎಲ್ಲಿ ಎಂದು ಕೇಳಿದ. ಬಾಟಲಿಯ ತಳದಲ್ಲಿ ಇದ್ದದ್ದು ಒಣಗಿ ಗಟ್ಟಿಯಾಗಿತ್ತು. ಅವನನ್ನು ಕೂರಿಸಿ, ಬಾಟಲಿಯನ್ನೇ ಹಿಡಿದುಕೊಂಡು ಪೇಟೆಯ ಬಳೆ ಅಂಗಡಿಗೆ ಹೋದೆ, ಇದೇ ಬಣ್ಣ ಬೇಕು ಎಂದೆ. ಅಂಗಡಿಯ ಹೆಂಗಸು ಹತ್ತಾರು ಬಾಟಲಿ ಹರಡಿ, ಬೆಳಕಿಗೆ ಹಿಡಿದು ಹೋಲಿಸಿ ನೋಡಿ, ಇಷ್ಟು ಖಚಿತವಾಗಿ ಇದೇ ಬೇಕೆನ್ನುವವರು ಯಾರು, ಯಾರಿಗೆ ಒಯ್ಯುತ್ತೀರಿ ಎಂದು ನಗುತ್ತ ಕೇಳಿದಳು.

ವೈನಿಗೆ ಎಂದೆ.